‘ಫ್ರೆಂಚರು’ ಎಂದರೆ ಯಾರು?

ಸ್ನೇಹಿತರೇ,

1908ರ ಮೇ 3. ಪ್ಯಾರಿಸ್ಸಿನಲ್ಲಿ ನಗರಸಭೆಯ ಚುನಾವಣೆ ನಡೆದಿದೆ. ಅಲ್ಲಿನ ಒಂದು ಮತಗಟ್ಟೆಗೆ ಅರವತ್ತು ವರ್ಷದ ಹೆಣ್ಣುಮಗಳೊಬ್ಬರು ಬರುತ್ತಾರೆ. ಸರಸರನೆ ಮೇಜಿನ ಹತ್ತಿರ ಹೋಗಿ ಮತಪೆಟ್ಟಿಗೆಯನ್ನು ನೆಲಕ್ಕೆ ಉರುಳಿಸಿ, ಚೆಲ್ಲಿದ ಚೀಟಿಗಳನ್ನು ಕಾಲಲ್ಲಿ ತುಳಿಯುತ್ತಾರೆ. ಕೋರ್ಟಿನಲ್ಲಿ ಅವರಿಗೆ ದಂಡ ಬೀಳುತ್ತದೆ. ಅವರ ಹೆಸರು ಯುಬರ್ತೀನ್ ಓಕ್ಲೇರ್, ಹೆಂಗಸರಿಗೂ ಓಟು ಬೇಕೆಂದು ಹೋರಾಡಿದವರು.

ಅವರು ಹುಟ್ಟಿದ್ದು 1848ರ ಏಪ್ರಿಲ್‌ನಲ್ಲಿ. ಅದೇ ತಿಂಗಳು ಫ್ರಾನ್ಸ್ ಆಸ್ತಿ, ತೆರಿಗೆಯ ಷರತ್ತುಗಳನ್ನೆಲ್ಲ ತೆಗೆದುಹಾಕಿ, 21 ತುಂಬಿದ ಗಂಡಸರಿಗೆಲ್ಲ ಓಟು ಕೊಟ್ಟು ಚುನಾವಣೆ ನಡೆಸಿತು. ಆ ವ್ಯವಸ್ಥೆಗೆ ಇಟ್ಟ ಹೆಸರು ‘ಸಾರ್ವತ್ರಿಕ ಮತದಾನ’. ದೇಶದ ಅರ್ಧ ಜನ ಹೊರಗಿದ್ದರೂ ಆ ಹೆಸರು ಯಾರನ್ನೂ ಚುಚ್ಚಲಿಲ್ಲ ಎಂದು ಹೇಳಲಾರೆ. ಮರುವರ್ಷವೇ ಜಾನ್ ದೆರ್ವಾ ಎಂಬ ಕಾರ್ಮಿಕ ಹೋರಾಟಗಾರ್ತಿ ತಾನೇ ಅಭ್ಯರ್ಥಿ ಎಂದು ಪ್ರಚಾರಕ್ಕೆ ಇಳಿದರು. ಅದಕ್ಕೂ ಹಿಂದೆ, ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಚಿಂತಕ ಕೊಂದೋರ್ಸೆ 1790ರಲ್ಲೇ ಹೆಂಗಸರಿಗೂ ಪೌರತ್ವದ ಹಕ್ಕು ಬೇಕೆಂದು ಬರೆದಿದ್ದರು. 1791ರಲ್ಲಿ ಲೇಖಕಿ ಒಲಾಂಪ್ ದ ಗೂಜ್ ಸ್ತ್ರೀಯರ ಹಕ್ಕುಗಳ ಘೋಷಣೆ ಬರೆದು, ವಧಾಸ್ಥಾನದ ಮೆಟ್ಟಿಲು ಹತ್ತುವ ಹಕ್ಕು ಹೆಣ್ಣಿಗೆ ಇದೆಯಾದರೆ ಭಾಷಣದ ವೇದಿಕೆ ಹತ್ತುವ ಹಕ್ಕೂ ಇರಬೇಕು ಎಂದರು. 1793ರ ನವೆಂಬರಿನಲ್ಲಿ ಅವರನ್ನು ಗಿಲೊಟಿನ್‌ಗೆ ಕೊಟ್ಟರು.

ಓಕ್ಲೇರ್ ಅವರ ವಾದ ನನಗೆ ಬಹಳ ಇಷ್ಟ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1880ರಲ್ಲಿ ಅವರು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳಿದರು. ಕಾನೂನಿನಲ್ಲಿ ‘ಫ್ರೆಂಚರು’ ಎಂದಿದೆ, ಅಂದರೆ ಗಂಡಸರು, ನಿಮ್ಮ ಹೆಸರು ಸೇರಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಸರಿ ಹಾಗಾದರೆ, ತೆರಿಗೆ ಕಾನೂನಿನಲ್ಲೂ ಇದೇ ‘ಫ್ರೆಂಚರು’ ಎಂಬ ಪದವಿದೆಯಲ್ಲ, ಅಲ್ಲಿಯೂ ಗಂಡಸರೇ ಆಗಲಿ, ನಾನು ತೆರಿಗೆ ಕಟ್ಟುವುದಿಲ್ಲ ಎಂದು ಅವರು ಬರೆದು ಕಳಿಸಿದರು. ಅಧಿಕಾರಿಗಳು ಒಪ್ಪಲಿಲ್ಲ. ಕೊಡುವಾಗ ಹೆಣ್ಣೂ ಫ್ರೆಂಚಳು, ಕೇಳುವಾಗ ಅಲ್ಲ. ಮರುವರ್ಷ ಅವರು ‘ಲಾ ಸಿತ್ವಾಯೆನ್’ ಎಂಬ ಪತ್ರಿಕೆ ಶುರುಮಾಡಿದರು. ಆ ಪದಕ್ಕೆ ‘ಮಹಿಳಾ ಪ್ರಜೆ’ ಎಂದರ್ಥ. 1914ರಲ್ಲಿ ತೀರಿಕೊಂಡಾಗಲೂ ಅವರ ಕೈಗೆ ಮತಚೀಟಿ ಬಂದಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಹೊಲ, ಕಾರ್ಖಾನೆ, ಆಸ್ಪತ್ರೆಗಳನ್ನು ಹೆಂಗಸರು ನಡೆಸಿದರು. 1919ರ ಮೇನಲ್ಲಿ ಕೆಳಮನೆ ಭಾರೀ ಬಹುಮತದಿಂದ ಅವರಿಗೆ ಮತಹಕ್ಕು ಒಪ್ಪಿತು. ಇನ್ನೇನು ಬಂತು ಎನ್ನುವಷ್ಟರಲ್ಲಿ ಮಸೂದೆ ಮೇಲ್ಮನೆಯಾದ ಸೆನೆಟ್‌ಗೆ ಹೋಗಿ ಸಿಕ್ಕಿಕೊಂಡಿತು. ಹೆಂಗಸರ ಕೈಗಳು ಇರುವುದು ಮತಚೀಟಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಮುತ್ತಿಡಿಸಿಕೊಳ್ಳುವುದಕ್ಕೆ ಎಂದು ಸೆನೆಟ್‌ನ ವರದಿಯಲ್ಲಿ ಅಲೆಕ್ಸಾಂದ್ರ್ ಬೆರಾರ್ ಬರೆದರು. 1922ರ ನವೆಂಬರ್ 21ರಂದು 134ರ ವಿರುದ್ಧ 156 ಮತಗಳಿಂದ ಸೆನೆಟ್ ಅದನ್ನು ತಳ್ಳಿಹಾಕಿತು.

ತಳ್ಳಿಹಾಕಿದವರು ಯಾರು? ರಾಜಪ್ರಭುತ್ವ ಬೇಕೆಂದವರಲ್ಲ. ಗಣರಾಜ್ಯವನ್ನು ಕಟ್ಟಿ ಕಾಪಾಡಿದವರು ನಾವೇ ಎಂದುಕೊಂಡಿದ್ದ ರ‍್ಯಾಡಿಕಲ್ ಪಕ್ಷದವರು ಆ ಗುಂಪಿನ ಮುಂದಿದ್ದರು. ಹೆಂಗಸರು ಚರ್ಚಿಗೆ ಹೋಗುತ್ತಾರೆ, ಪಾದ್ರಿ ಹೇಳಿದವರಿಗೆ ಓಟು ಹಾಕುತ್ತಾರೆ, ಆಗ ಗಣರಾಜ್ಯವೇ ಉಳಿಯುವುದಿಲ್ಲ ಎಂಬುದು ಅವರ ಭಯ. ಪ್ರಗತಿಯ ಹೆಸರಿನಲ್ಲೇ ಹಕ್ಕನ್ನು ತಡೆದದ್ದು ನನಗೆ ಈ ಇಡೀ ಇತಿಹಾಸದ ಅತ್ಯಂತ ನೋವಿನ ಭಾಗ. ಎದುರಾಳಿಯ ಜೊತೆ ಜಗಳವಾಡಬಹುದು. ನಮ್ಮವರೇ ಎಂದುಕೊಂಡವರು ‘ಇನ್ನೂ ಕಾಲ ಬಂದಿಲ್ಲ’ ಎಂದರೆ ಏನು ಮಾಡುವುದು?

ಇದೇ ಹೊತ್ತಿನಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಮಂಗಳೂರು, ಬಳ್ಳಾರಿಗಳಲ್ಲಿ ಆಸ್ತಿಯ ಅರ್ಹತೆ ಇದ್ದ ಹೆಣ್ಣುಮಕ್ಕಳಿಗೆ 1921ರಲ್ಲೇ ಪ್ರಾಂತ್ಯದ ಶಾಸನಸಭೆಗೆ ಮತ ಹಾಕುವ ಹಕ್ಕು ಸಿಕ್ಕಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಆ ಸಭೆಗೆ ಅಭ್ಯರ್ಥಿಯಾಗಿಯೇ ನಿಂತರು. ಪ್ಯಾರಿಸ್ಸಿನ ಹೆಂಗಸರು ಆಗಿನ್ನೂ ಕಾಯುತ್ತಿದ್ದರು.

ಕೆಳಮನೆ ಮತ್ತೆ ಮತ್ತೆ ಒಪ್ಪಿತು, ಸೆನೆಟ್ ಮತ್ತೆ ಮತ್ತೆ ಅಲ್ಲಾಡಲಿಲ್ಲ. 1935ರಲ್ಲಿ ಪತ್ರಕರ್ತೆ ಲೂಯಿಸ್ ವೈಸ್ ಪ್ಯಾರಿಸ್ಸಿನ ಮೋಂಮಾರ್ತ್ರ್ ಬಡಾವಣೆಯಲ್ಲಿ ಟೋಪಿ ಇಡುವ ಡಬ್ಬಗಳನ್ನೇ ಮತಪೆಟ್ಟಿಗೆ ಮಾಡಿಕೊಂಡು ಜನರ ಮತ ಸಂಗ್ರಹಿಸಿದರು. ಸೆನೆಟರುಗಳಿಗೆ ಕಾಲುಚೀಲಗಳನ್ನು ಕೊಟ್ಟು, ನಮಗೆ ಓಟು ಬಂದರೂ ನಿಮ್ಮ ಕಾಲುಚೀಲಕ್ಕೆ ತೇಪೆ ಬೀಳುತ್ತದೆ, ಹೆದರಬೇಡಿ ಎಂದರು. 1936ರಲ್ಲಿ ಪ್ರಧಾನಿ ಲಿಯಾನ್ ಬ್ಲೂಮ್ ತಮ್ಮ ಸರ್ಕಾರಕ್ಕೆ ಮೂವರು ಹೆಂಗಸರನ್ನು ಉಪಮಂತ್ರಿಗಳಾಗಿ ತೆಗೆದುಕೊಂಡರು. ಅವರಲ್ಲಿ ಒಬ್ಬರು ಹಿಂದಿನ ವರ್ಷ ನೊಬೆಲ್ ಪಡೆದಿದ್ದ ವಿಜ್ಞಾನಿ ಐರೀನ್ ಜೋಲಿಯೋ-ಕ್ಯೂರಿ, ಇನ್ನೊಬ್ಬರು ಮತಹಕ್ಕಿಗಾಗಿಯೇ ವರ್ಷಗಟ್ಟಲೆ ದುಡಿದಿದ್ದ ಸೆಸಿಲ್ ಬ್ರುನ್ಶ್‌ವಿಕ್, ಮತ್ತೊಬ್ಬರು ಶಾಲಾ ಶಿಕ್ಷಕಿಯಾಗಿದ್ದ ಸುಜಾನ್ ಲಕೋರ್. ಸರ್ಕಾರದಲ್ಲಿ ಕೂರಬಹುದಿತ್ತು, ಮತಗಟ್ಟೆಯಲ್ಲಿ ನಿಲ್ಲುವಂತಿರಲಿಲ್ಲ.

ಕೊನೆಗೆ ಹಕ್ಕು ಬಂದದ್ದು ಸೆನೆಟ್ ಇಲ್ಲದ ಕಡೆ. 1940ರಲ್ಲಿ ಫ್ರಾನ್ಸ್ ಜರ್ಮನರ ಕೈಗೆ ಬಿದ್ದ ಮೇಲೆ ಹಳೆಯ ಸಂಸತ್ತು ಮುಗಿದುಹೋಯಿತು. ಜರ್ಮನರ ವಿರುದ್ಧ ಹೋರಾಡುತ್ತಿದ್ದ ‘ಸ್ವತಂತ್ರ ಫ್ರಾನ್ಸ್’ನ ಸಲಹಾ ಸಭೆ, ಫ್ರೆಂಚ್ ಆಳ್ವಿಕೆಯಲ್ಲಿದ್ದ ಅಲ್ಜೀರಿಯದ ಅಲ್ಜಿಯರ್ಸ್‌ನಲ್ಲಿ ಕೂಡುತ್ತಿತ್ತು. ಅಲ್ಲಿಯೂ ತಕರಾರು ತಪ್ಪಲಿಲ್ಲ: ಲಕ್ಷಾಂತರ ಗಂಡಸರು ಜರ್ಮನಿಯಲ್ಲಿ ಸೆರೆಯಲ್ಲಿದ್ದಾರೆ, ಈಗ ಓಟು ಕೊಟ್ಟರೆ ಹೆಂಗಸರ ಸಂಖ್ಯೆಯೇ ಮೇಲಾಗುತ್ತದೆ ಎಂದರು. 1944ರ ಮಾರ್ಚ್ 24ರಂದು ಕಮ್ಯುನಿಸ್ಟ್ ಸದಸ್ಯ ಫೆರ್ನಾನ್ ಗ್ರೆನಿಯೇ ತಂದ ತಿದ್ದುಪಡಿ 16ರ ವಿರುದ್ಧ 51 ಮತಗಳಿಂದ ಗೆದ್ದಿತು. ಏಪ್ರಿಲ್ 21ರ ಸುಗ್ರೀವಾಜ್ಞೆಯ 17ನೆಯ ವಿಧಿ ಒಂದೇ ಸಾಲು: ಗಂಡಸರಿಗಿರುವ ಷರತ್ತುಗಳ ಮೇಲೆಯೇ ಹೆಂಗಸರೂ ಮತ ಹಾಕಬಹುದು, ಚುನಾವಣೆಗೆ ನಿಲ್ಲಬಹುದು. ಸ್ವತಂತ್ರ ಫ್ರಾನ್ಸಿನ ನಾಯಕ ದ ಗಾಲ್ ಹೆಂಗಸರಿಗೆ ಓಟು ಕೊಟ್ಟರು ಎಂದು ಎಷ್ಟೋ ಕಡೆ ಓದುತ್ತೇವೆ. ಕೊಟ್ಟರು ಎನ್ನುವ ಕ್ರಿಯಾಪದ ಇಲ್ಲಿ ಹೊಂದುವುದಿಲ್ಲ. ಓಕ್ಲೇರ್ ಹುಟ್ಟಿ ಆಗಲೇ 96 ವರ್ಷವಾಗಿತ್ತು.

1945ರ ಏಪ್ರಿಲ್ 29, ಭಾನುವಾರ, ಫ್ರಾನ್ಸಿನ ಹೆಂಗಸರು ಮೊದಲ ಸಲ ಮತದಾನದ ಸಾಲಿನಲ್ಲಿ ನಿಂತರು. ಎರಡು ವಾರದ ಹಿಂದಷ್ಟೇ ರಾವೆನ್ಸ್‌ಬ್ರ್ಯೂಕ್ ಸೆರೆಶಿಬಿರದಿಂದ ಬಿಡುಗಡೆಯಾದ ಹೆಣ್ಣುಮಕ್ಕಳ ರೈಲು ಪ್ಯಾರಿಸ್ಸಿಗೆ ಬಂದಿಳಿದಿತ್ತು. ಅಕ್ಟೋಬರಿನಲ್ಲಿ ಸಂವಿಧಾನ ಸಭೆಗೆ 33 ಹೆಂಗಸರು ಆರಿಸಿಬಂದರು. ಆದರೆ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು 1965ರ ಕಾನೂನು ಬರಬೇಕಾಯಿತು.

ಇನ್ನೊಂದು ವಿಷಯ ಹೇಳದೆ ಇಳಿದರೆ ಈ ಕಥೆ ಅರ್ಧವಾಗುತ್ತದೆ. ಆ ಸುಗ್ರೀವಾಜ್ಞೆ ಹೊರಟ ಊರು ಅಲ್ಜಿಯರ್ಸ್ ಎಂದೆನಲ್ಲ, ಅದೇ ಊರಿನ ಮುಸ್ಲಿಂ ಹೆಂಗಸರು ಮೊದಲ ಬಾರಿಗೆ ಮತ ಹಾಕಿದ್ದು 1958ರ ಸೆಪ್ಟೆಂಬರಿನಲ್ಲಿ. ‘ಫ್ರೆಂಚರು’ ಎಂಬ ಪದದೊಳಗೆ ಬರಲು ಅವರು ಇನ್ನೂ 14 ವರ್ಷ ಹೊರಗೆ ನಿಂತಿದ್ದರು.