ಕಾರ್ಪೆಟ್ ಬುಡದ ಮರಳು, ಗಾಳಿಯಲ್ಲಿನ ಧೂಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಮಾತಾಡೋಣ. ಅದರಲ್ಲೂ ಅಪ್‌ರೈಟ್ ಅನ್ನುವ ಬಗೆ. ಉದ್ದನೆಯ ಹಿಡಿ, ಹಿಡಿಗೆ ನೇತುಬಿದ್ದ ಚೀಲ, ಕೆಳಗೆ ಚಕ್ರಗಳ ಮೇಲೆ ಕೂತ ಮೋಟರು. ನಿಂತುಕೊಂಡೇ ಹಿಂದಕ್ಕೂ ಮುಂದಕ್ಕೂ ತಳ್ಳುವ ಯಂತ್ರ. ನಮ್ಮ ಕಡೆಯ ಮನೆಗಳಲ್ಲಿ ಇದು ಅಪರೂಪ. ರೆಡ್ ಆಕ್ಸೈಡ್ ನೆಲಕ್ಕೆ, ಮೊಸಾಯಿಕ್‌ಗೆ, ಟೈಲ್ಸ್‌ಗೆ ಪೊರಕೆ ಮತ್ತು ಒರೆಸುವ ಬಟ್ಟೆ ಸಾಕು. ಇಲ್ಲಿ ಕ್ಲೀನರ್ ಕೊಂಡವರೂ ಹೆಚ್ಚಾಗಿ ಕೊಂಡದ್ದು ಡಬ್ಬಿಯಂಥ ಬಗೆ, ಉದ್ದ ಪೈಪು ಹಿಡಿದು ಎಳೆದರೆ ಹಿಂದೆ ಉರುಳಿಕೊಂಡು ಬರುವಂಥದ್ದು.

ಅಪ್‌ರೈಟ್‌ನ ತವರು ಅಮೆರಿಕ ಮತ್ತು ಇಂಗ್ಲೆಂಡ್. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿದ ಮನೆಗಳ ದೇಶಗಳವು. ಅಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರು ಅದನ್ನು ಒಮ್ಮೆಯಾದರೂ ತಳ್ಳಿರುತ್ತೀರಿ. ನಾನೂ ಅಲ್ಲಿದ್ದಾಗ ಹಳೆಯ ಅಪ್‌ರೈಟ್‌ಗಳನ್ನು ಬಿಚ್ಚಿ ರಿಪೇರಿ ಮಾಡುವ ಹುಚ್ಚು ಹಿಡಿಸಿಕೊಂಡೆ. ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಸುಮ್ನೆ ಇರಲು ಆಗುವುದಿಲ್ಲ.

ಈ ಯಂತ್ರ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅನ್ನುವವರು ರಾತ್ರಿ ಕಸ ಗುಡಿಸುವ ಕೆಲಸಕ್ಕಿದ್ದರು. ಅವರಿಗೆ ಅಸ್ತಮಾ. ಕಾರ್ಪೆಟ್ ಗುಡಿಸಿದಾಗ ಏಳುವ ಧೂಳಿಗೆ ಉಸಿರು ಕಟ್ಟುತ್ತಿತ್ತು. ಒಂದು ಹಳೆಯ ಫ್ಯಾನಿನ ಮೋಟರು, ಸೋಪಿನ ಪೆಟ್ಟಿಗೆ, ಪೊರಕೆಯ ಕೋಲು, ದಿಂಬಿನ ಚೀಲ ಇಷ್ಟನ್ನೇ ಸೇರಿಸಿ ಯಂತ್ರ ಕಟ್ಟಿದರು. ಮುಂದುಗಡೆ ತಿರುಗುವ ಬ್ರಷ್, ಅದರ ಹಿಂದೆ ಗಾಳಿ ಎಳೆಯುವ ಫ್ಯಾನು, ಹಿಡಿಯ ಉದ್ದಕ್ಕೂ ಚೀಲ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ವಿಲಿಯಂ ಹೂವರ್ ಆ ಹಕ್ಕನ್ನು ಕೊಂಡರು. ಅವರದು ಕುದುರೆ ಜೀನು, ಚರ್ಮದ ಸಾಮಾನುಗಳ ವ್ಯಾಪಾರ. ಮೋಟರು ಕಾರು ಬಂದ ಮೇಲೆ ಜೀನು ಯಾರಿಗೆ ಬೇಕು? ಹೊಸ ದಾರಿ ಹುಡುಕುತ್ತಿದ್ದರು. ಹತ್ತು ದಿನ ಮನೆಯಲ್ಲಿಟ್ಟುಕೊಂಡು ನೋಡಿ, ಆಮೇಲೆ ಕೊಳ್ಳಿ ಎಂದು ಜಾಹೀರಾತು ಕೊಟ್ಟರು. ಇಂಗ್ಲೆಂಡಿನಲ್ಲಂತೂ ಕೊನೆಗೆ ಕಾರ್ಪೆಟ್ ಗುಡಿಸುವುದಕ್ಕೆ ಅವರ ಹೆಸರೇ ಕ್ರಿಯಾಪದವಾಗಿಬಿಟ್ಟಿತು.

ಸ್ಪ್ಯಾಂಗ್ಲರ್ ಅವರ ಆ ಜೋಡಣೆ ಮುಂದೆ ಎಷ್ಟೋ ದಶಕ ಹಾಗೇ ಉಳಿಯಿತು. ಹಳೆಯ ಅಪ್‌ರೈಟ್ ಅಂದರೆ ಮುಖ್ಯವಾಗಿ ಅದೇ. ಇದರಲ್ಲಿ ಕಸ ನೇರವಾಗಿ ಫ್ಯಾನಿನ ಮೂಲಕವೇ ಹಾದು ಹೋಗುತ್ತದೆ. ಫ್ಯಾನು ಕಾರ್ಪೆಟ್‌ಗೆ ಅಂಟಿಕೊಂಡಂತೆ ಕೂತಿರುತ್ತದೆ. ಕಸ ಬಂತು, ಫ್ಯಾನಿಗೆ ಬಡಿಯಿತು, ಚೀಲಕ್ಕೆ ಚಿಮ್ಮಿತು. ದಾರಿ ಗಿಡ್ಡ, ಅಗಲವೂ ಜಾಸ್ತಿ. ಹಾಗಾಗಿ ಮೋಟರು ಚಿಕ್ಕದಿದ್ದರೂ ಬಹಳ ಗಾಳಿ ಹರಿಯುತ್ತದೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಳೆತ ಬೇರೆ, ಹರಿವು ಬೇರೆ. ಪೈಪಿನ ತುದಿಗೆ ಅಂಗೈ ಇಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದಲ್ಲ, ಅದು ಎಳೆತ. ಕಾರ್ಪೆಟ್‌ನಿಂದ ಸಡಿಲವಾದ ಮರಳನ್ನು ಹೊತ್ತುಕೊಂಡು ಹೋಗುವುದು ಹರಿವು. ಅಂಗಡಿಯವರು ಎಳೆತ ತೋರಿಸುತ್ತಾರೆ. ಕಾರ್ಪೆಟ್‌ಗೆ ಹೆಚ್ಚು ಬೇಕಾದದ್ದು ಹರಿವು.

ಆದರೆ ಮರಳು ಸಡಿಲವಾಗಬೇಕಲ್ಲ? ಉದ್ದ ಎಳೆಗಳ ಕಾರ್ಪೆಟ್‌ನಲ್ಲಿ ಮೇಲೆ ಕಾಣುವ ಕೂದಲು, ನೂಲು ದೊಡ್ಡ ಸಮಸ್ಯೆ ಅಲ್ಲ. ಬೂಟಿನ ಜೊತೆ ಬಂದ ಸಣ್ಣ ಮರಳು ಎಳೆಗಳ ಬುಡಕ್ಕೆ ಇಳಿದು ಕೂರುತ್ತದೆ. ನಾವು ಓಡಾಡಿದಷ್ಟೂ ಅದು ಎಳೆಯನ್ನು ಬುಡದಲ್ಲೇ ಕೊಯ್ಯುತ್ತದೆ. ಓಡಾಡುವ ಜಾಗದಲ್ಲಿ ಕಾರ್ಪೆಟ್ ಬೋಳಾಗುವುದಕ್ಕೆ ಇದೂ ಕಾರಣ. ನಮ್ಮ ಅಜ್ಜಿಯರು ಜಮಖಾನವನ್ನು ಕಾಂಪೌಂಡಿನ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದರಲ್ಲ, ಆ ಪೆಟ್ಟು ಇಲ್ಲೂ ಬೇಕು. 1926ರ ಹೂವರ್ ಮಾದರಿಯಲ್ಲಿ ತಿರುಗುವ ಬ್ರಷ್ಷಿನ ಉರುಳೆಗೆ ಲೋಹದ ಪಟ್ಟಿಗಳನ್ನೂ ಸೇರಿಸಿದರು. ಗಾಳಿ ಕಾರ್ಪೆಟ್ ಅನ್ನು ಒಂದಿಷ್ಟು ಮೇಲೆತ್ತುತ್ತದೆ, ಪಟ್ಟಿ ಅದನ್ನು ತಟ್ಟುತ್ತದೆ, ಬ್ರಷ್ ಬಾಚುತ್ತದೆ. ಬುಡದ ಮರಳು ಕುಣಿದು ಮೇಲೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಇನ್ನೂ ನೋಡಿಲ್ಲ. ಮನಸ್ಸಾರೆ ಹೇಳುತ್ತಿದ್ದೇನೆ. ದಪ್ಪ ಕಾರ್ಪೆಟ್‌ನಿಂದ ಮರಳು ತೆಗೆಯುವುದರಲ್ಲಿ ಚೆನ್ನಾಗಿಟ್ಟ ಹಳೆಯ ಅಪ್‌ರೈಟ್ ಇವತ್ತಿನ ಎಷ್ಟೋ ಹೊಸ ಯಂತ್ರಗಳಿಗೆ ಸರಿಸಮ. ಕರ್ಬಿ ಕಂಪನಿ ಇವತ್ತಿಗೂ ಇದೇ ಬಗೆಯ ಗಾಳಿದಾರಿ ಇಟ್ಟುಕೊಂಡು, ಅಲ್ಯೂಮಿನಿಯಂ ಮೈಯ ಯಂತ್ರ ಮಾಡುತ್ತಿದೆ.

ಹಾಗಾದರೆ ಹೊಸದು ಯಾಕೆ ಬಂತು? ಬರಲೇಬೇಕಿತ್ತು. ಹಳೆಯದರ ಬಟ್ಟೆ ಚೀಲ ಮರಳನ್ನು ಹಿಡಿಯುತ್ತಿತ್ತು, ನುಣ್ಣನೆಯ ಧೂಳನ್ನು ಬಿಟ್ಟುಬಿಡುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಅಂಥ ಯಂತ್ರ ಓಡಿಸಿ ನೋಡಿ, ಚೀಲದ ಸುತ್ತ ಧೂಳು ತೇಲುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಚೀಲವನ್ನು ಪೇಪರಿನ ಮೇಲೆ ಕೊಡವಬೇಕು. ಅಸ್ತಮಾ ಇದ್ದ ಮನುಷ್ಯ ಕಂಡುಹಿಡಿದ ಯಂತ್ರ ಅಸ್ತಮಾ ಇರುವವರಿಗೇ ಬಹಳ ಕಾಲ ಪೂರ್ತಿ ಒಗ್ಗಲಿಲ್ಲ. ಇದನ್ನು ನೆನೆದರೆ ನನಗೆ ಬೇಜಾರಾಗುತ್ತದೆ. ಎಸೆಯುವ ಕಾಗದದ ಚೀಲ ಬಂದು ಸ್ವಲ್ಪ ಸುಧಾರಿಸಿತು. ಇನ್ನೊಂದು ತೊಂದರೆ ಫ್ಯಾನಿನದು. ಒಂದು ನಾಣ್ಯವೋ ಸ್ಕ್ರೂವೋ ಒಳಗೆ ಹೋದರೆ ಫ್ಯಾನಿನ ರೆಕ್ಕೆ ಮುರಿಯಬಹುದು. ಸೋಫಾ ಸಂದಿ, ಮೆಟ್ಟಿಲ ಮೂಲೆ ಗುಡಿಸಲು ಪೈಪು ಸಿಕ್ಕಿಸುವುದೂ ಒಂದು ದೊಡ್ಡ ರಾಮಾಯಣ.

ಹೊಸ ವಿನ್ಯಾಸದಲ್ಲಿ ದಾರಿ ತಿರುವುಮುರುವಾಯಿತು. ಕಸ ಮೊದಲು ಚೀಲಕ್ಕೋ ಡಬ್ಬಿಗೋ ಹೋಗುತ್ತದೆ. ಸೋಸಿದ ಗಾಳಿ ಮಾತ್ರ ಫ್ಯಾನಿಗೆ ಬರುತ್ತದೆ. ಎಳೆತ ಜಾಸ್ತಿ, ಪೈಪು ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ನಾಣ್ಯದ ಭಯ ಇಲ್ಲ. ಆದರೆ ಗಾಳಿ ಉದ್ದದ, ತಿರುವಿನ ದಾರಿಯಲ್ಲಿ ಹೋಗಬೇಕು. ಹಾಗಾಗಿ ಮೋಟರು ಜಾಸ್ತಿ ಕರೆಂಟು ತಿನ್ನುತ್ತದೆ. ಹಳೆಯ ಹೂವರ್‌ಗಳು ಕೆಲವೇ ನೂರು ವ್ಯಾಟ್‌ನಲ್ಲಿ ಕೆಲಸ ಮುಗಿಸುತ್ತಿದ್ದವು. ಅಮೆರಿಕದ ಹೊಸ ಯಂತ್ರಗಳ ಪೆಟ್ಟಿಗೆ ಮೇಲೆ 12 ಆಂಪ್ಸ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಅಂದರೆ ಅಲ್ಲಿನ 120 ವೋಲ್ಟ್‌ಗೆ ಸುಮಾರು 1440 ವ್ಯಾಟ್. ಅದು ಯಂತ್ರ ತಿನ್ನುವ ಲೆಕ್ಕ, ದುಡಿಯುವ ಲೆಕ್ಕ ಅಲ್ಲ. ಯುರೋಪಿಯನ್ ಒಕ್ಕೂಟ ಇದಕ್ಕೆ ಕಡಿವಾಣ ಹಾಕಿತು. 2014ರಿಂದ 1600 ವ್ಯಾಟ್ ಮಿತಿ, 2017ರಿಂದ 900. ಆಗ ತಯಾರಕರು ಗಾಳಿಯ ದಾರಿಯನ್ನೂ ಬ್ರಷ್ಷನ್ನೂ ಮತ್ತೆ ಸರಿಪಡಿಸಬೇಕಾಯಿತು. ಒಳ್ಳೆಯದೇ ಆಯಿತು.

ಇನ್ನು ಚೀಲವೇ ಇಲ್ಲದ ಯಂತ್ರದ ವಿಷಯ. ಇಂಗ್ಲೆಂಡಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಗೆ ಗಮನಿಸಿದ್ದು ಇಷ್ಟು: ಚೀಲ ತುಂಬುವ ಮೊದಲೇ ಕಾಗದದ ಸಣ್ಣ ರಂಧ್ರಗಳು ಧೂಳಿನಿಂದ ಮುಚ್ಚಿಹೋಗುತ್ತವೆ, ಎಳೆತ ಕುಸಿಯುತ್ತದೆ. ಮರದ ಮಿಲ್ಲುಗಳಲ್ಲಿ ಹೊಟ್ಟನ್ನು ಬೇರೆ ಮಾಡಲು ಗಾಳಿಯನ್ನು ಸುಳಿಯಂತೆ ತಿರುಗಿಸುತ್ತಾರೆ. ಭಾರದ ಪುಡಿ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಅದನ್ನೇ ಮನೆಯ ಯಂತ್ರದೊಳಗೆ ಕೂರಿಸಲು ಅವರು 5,127 ಮಾದರಿ ಮಾಡಿದರು. 1993ರಲ್ಲಿ ಡಿಸಿ-01 ಎಂಬ ಅಪ್‌ರೈಟ್ ಮಾರುಕಟ್ಟೆಗೆ ಬಂತು. ಪಾರದರ್ಶಕ ಡಬ್ಬಿ. ಎಷ್ಟು ಕಸ ಬಂತು ಎಂದು ಕಾಣುತ್ತದೆ. ಜನ ಅದಕ್ಕೇ ಮರುಳಾದರು ಅಂದರೂ ತಪ್ಪಲ್ಲ. ಆದರೆ ಚೀಲ ಇಲ್ಲ ಅಂದರೆ ಫಿಲ್ಟರ್ ಇಲ್ಲ ಅಂತಲ್ಲ. ಫಿಲ್ಟರ್ ಇದ್ದೇ ಇರುತ್ತದೆ. ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಫಿಲ್ಟರ್ ಕಟ್ಟಿಕೊಂಡು ಮೋಟರು ಬಿಸಿಯಾಗಿ ಯಂತ್ರ ತಾನೇ ನಿಂತುಹೋಗುತ್ತದೆ. ಕೆಟ್ಟಿದೆ ಎಂದು ರಸ್ತೆಬದಿಗೆ ಇಟ್ಟುಬಿಡುತ್ತಾರೆ. ಅಂಥದ್ದನ್ನು ತಂದು, ಫಿಲ್ಟರ್ ತೊಳೆದು, ಪೈಪಿನೊಳಗೆ ಸಿಕ್ಕಿಕೊಂಡ ಮಗುವಿನ ಕಾಲುಚೀಲ ತೆಗೆದರೆ ಚೆನ್ನಾಗಿ ಓಡುತ್ತದೆ.

ಮನೆಯಲ್ಲಿ ಅಸ್ತಮಾ, ಅಲರ್ಜಿ ಇರುವವರಿದ್ದರೆ ನಾನು ಡಬ್ಬಿಗಿಂತ ಚೀಲದ ಹೊಸ ಯಂತ್ರವನ್ನೇ ಹೇಳುತ್ತೇನೆ. ಡಬ್ಬಿ ಖಾಲಿ ಮಾಡುವಾಗ ಧೂಳು ಮುಖಕ್ಕೇ ಏಳುತ್ತದೆ. ತೆಗೆದಾಗ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುವ, ಬಟ್ಟೆಯಂಥ ಚೀಲವನ್ನಾದರೆ ಹಾಗೇ ಎಸೆಯಬಹುದು. ಜೊತೆಗೆ ಹೆಪಾ ಫಿಲ್ಟರ್ ಇರಲಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97 ಭಾಗ ಹಿಡಿಯುವುದು ಅದರ ಅಮೆರಿಕದ ಮಟ್ಟ. ಆದರೆ ಸುತ್ತಲಿನ ಕೀಲು, ರಬ್ಬರ್ ಬಿಗಿಯಾಗಿರಬೇಕು. ಸಂದಿಯಿಂದ ಗಾಳಿ ಸೋರಿದರೆ ಎಂಥ ಫಿಲ್ಟರ್ ಇದ್ದೂ ಪ್ರಯೋಜನ ಇಲ್ಲ.

ತಂತಿಯೇ ಇಲ್ಲದ ಬ್ಯಾಟರಿ ಯಂತ್ರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಗುರ, ಚಂದ. ಕೆಲವದರ ಮೋಟರು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಬೆನ್ನುನೋವಿನವರಿಗೆ ವರ. ಆದರೆ ಪೂರ್ತಿ ಶಕ್ತಿಯಲ್ಲಿ ಓಡಿಸಿದರೆ ಬ್ಯಾಟರಿ ಕೆಲವೇ ನಿಮಿಷ. ಬ್ಯಾಟರಿ ಸತ್ತ ದಿನ ಅದರ ಬೆಲೆ ಕೇಳಿ ಹೊಸ ಯಂತ್ರವನ್ನೇ ತರೋಣ ಅನ್ನಿಸುತ್ತದೆ.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಹಳೆಯ ಅಪ್‌ರೈಟ್ ಅನ್ನು ಬೋರಲು ಹಾಕಿ. ತಳದ ತಗಡಿಗೆ ಎರಡು ಕೊಕ್ಕೆ, ತಿರುಗಿಸಿದರೆ ಬರುತ್ತದೆ. ಮೋಟರಿನ ತುದಿಯಿಂದ ಬ್ರಷ್ಷಿನ ಉರುಳೆಗೆ ಒಂದು ಚಪ್ಪಟೆ ರಬ್ಬರ್ ಬೆಲ್ಟು. ಸಡಿಲವಾಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಉರುಳೆಯನ್ನು ಕೈಯಲ್ಲಿ ಎತ್ತಿಕೊಳ್ಳಿ. ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ತುದಿಯ ಬೇರಿಂಗಿಗೆ ಕೂದಲು ಬಿಗಿದಿದ್ದರೆ ಬಿಡಿಸಿ. ಹೊಸ ಬೆಲ್ಟು ಹಾಕುವಾಗ ಯಾವ ಕಡೆ ತಿರುವಬೇಕೆಂದು ಎಷ್ಟೋ ಯಂತ್ರಗಳ ಮೈಮೇಲೇ ಬಾಣದ ಗುರುತು ಇರುತ್ತದೆ. ತಪ್ಪು ತಿರುವಿದರೆ ಉರುಳೆ ಉಲ್ಟಾ ಸುತ್ತಿ ಕಸವನ್ನು ಹೊರಗೆ ಎರಚುತ್ತದೆ. ಹತ್ತು ನಿಮಿಷದ ಕೆಲಸ ಅಲ್ವಾ? ಈಗಿನ ಎಷ್ಟೋ ಯಂತ್ರಗಳಲ್ಲಿ ಬೆಲ್ಟು ಎಲ್ಲಿದೆ ಎಂದು ನೋಡಲೇ ಪ್ಲಾಸ್ಟಿಕ್ ಮೈಯನ್ನು ಸೀಳಬೇಕು. ಸೋಸುವುದರಲ್ಲಿ ಹೊಸದು ಗೆದ್ದಿದೆ, ಒಪ್ಪುತ್ತೇನೆ. ಒಳ್ಳೆಯ ಫಿಲ್ಟರಿನ ಜೊತೆಗೆ ಬಿಚ್ಚಬಹುದಾದ ತಳವನ್ನೂ ಕೊಡಲು ಏನು ಅಡ್ಡಿ? ಕೊಡುವ ಕೆಲವರು ಇದ್ದಾರೆ. ಕೇಳಿ ಕೊಂಡರೆ ಇನ್ನಷ್ಟು ಜನ ಕೊಡುತ್ತಾರೆ.

ಅದಕ್ಕೇ ಅಂಗಡಿಗೆ ಹೋದಾಗ ಹಿಡಿ, ಬಣ್ಣ, ವ್ಯಾಟು ಆಮೇಲೆ ನೋಡಿ. ಮೊದಲು ಯಂತ್ರವನ್ನು ಮಗುಚಿ ಹಾಕಿ. ಬ್ರಷ್ಷಿನ ಉರುಳೆ ಕೈಗೆ ಬರುತ್ತದಾ, ಬೆಲ್ಟು ಬಿಡಿಯಾಗಿ ಸಿಗುತ್ತದಾ, ಫಿಲ್ಟರ್ ಎಲ್ಲಿದೆ ಎಂದು ಅಂಗಡಿಯವರನ್ನೇ ತೋರಿಸಲು ಹೇಳಿ. ಇನ್ನು ಅಮೆರಿಕದಿಂದ ವಾಪಸ್ ಬರುವವರಿಗೆ ಒಂದು ಮಾತು. ಅಲ್ಲಿನ 120 ವೋಲ್ಟಿನ ಯಂತ್ರವನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಮೋಟರು ಸುಟ್ಟುಹೋಗುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಅದೇ ಒಂದು ಭಾರ. ಅದಕ್ಕಿಂತ ಅಲ್ಲೇ, ಕಾರ್ಪೆಟ್ ಇರುವ ಮನೆಯ ಯಾರಿಗಾದರೂ ಹೊಸ ಬೆಲ್ಟು ಹಾಕಿ ಕೊಟ್ಟು ಬನ್ನಿ.

ನಮಸ್ಕಾರ.