ಕವರಿನ ಹಿಂಬದಿ ಓದಿ: ಹೆಸರಾಗದ ರಾಕ್ ಬ್ಯಾಂಡುಗಳನ್ನು ಹುಡುಕುವುದು, ಹೇಳುವುದು

ದಾವಣಗೆರೆಯ ಗೆಳೆಯರಿಗೆಲ್ಲ ನಮಸ್ಕಾರ.

ಇದು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಮೊದಲ ದಿನದ ಆಟಕ್ಕೆ ಜನ ಬರುವುದು ಪೋಸ್ಟರು ನೋಡಿ, ಮೈಕಿನ ಗಾಡಿ ಕೂಗಿದ್ದು ಕೇಳಿ. ಮೂರನೆಯ ದಿನದ ಆಟಕ್ಕೆ ಜನ ಬರುವುದು ಮಾತ್ರ ನೋಡಿ ಬಂದವರ ಬಾಯಿಂದ. ಹೆಸರಾಗದ ರಾಕ್ ಬ್ಯಾಂಡಿಗೆ ಪೋಸ್ಟರೂ ಇಲ್ಲ, ಗಾಡಿಯೂ ಇಲ್ಲ. ಕೇಳಿದವರ ಬಾಯಿಯೊಂದೇ ಗತಿ. ಅಂಥ ಬ್ಯಾಂಡುಗಳನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಇನ್ನೊಬ್ಬರಿಗೆ ಹೇಳುವುದು ಹೇಗೆ, ಇವೆರಡೇ ಇವತ್ತಿನ ಮಾತು.

ಹುಡುಕುವ ಕೆಲಸವನ್ನು ಮೊಬೈಲಿನ ಆ್ಯಪ್ ತಾನೇ ಮಾಡಿಕೊಡುತ್ತದಲ್ಲ ಎನ್ನಬಹುದು. ಅದು ಮಾಡುವುದು ಒಂದು ಲೆಕ್ಕ. ನೀವು ಕೇಳಿದ್ದನ್ನೇ ಕೇಳಿದವರು ಮತ್ತೇನು ಕೇಳಿದರು ಎಂದು ನೋಡಿ, ಅದನ್ನು ನಿಮ್ಮ ಮುಂದೆ ಇಡುತ್ತದೆ. ಇನ್ನೂರೇ ಜನ ಕೇಳಿರುವ ಬ್ಯಾಂಡಿನ ವಿಷಯದಲ್ಲಿ ಈ ಲೆಕ್ಕಕ್ಕೆ ಬೇಕಾದ ಅಂಕಿಗಳೇ ಅದರ ಹತ್ತಿರ ಇರುವುದಿಲ್ಲ. ಸ್ಪಾಟಿಫೈ ಎಂಬ ಹಾಡಿನ ಆ್ಯಪ್‌ನಲ್ಲಿ 30 ಸೆಕೆಂಡ್ ದಾಟಿ ಕೇಳಿದರೆ ಮಾತ್ರ ಒಂದು ಸಲ ಕೇಳಿದಂತೆ ಎಣಿಕೆ. ಎರಡು ನಿಮಿಷ ಗಿಟಾರ್ ಒಂದೇ ನುಡಿಸಿ ಆಮೇಲೆ ತೆರೆದುಕೊಳ್ಳುವ ಹಾಡು ಅಲ್ಲಿಯೇ ಸೋಲುತ್ತದೆ. 2024ರಿಂದ ಇನ್ನೊಂದು ನಿಯಮವೂ ಬಂದಿದೆ: ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಕಾಸೂ ಇಲ್ಲ. ನಾವು ಹುಡುಕುವ ಬ್ಯಾಂಡುಗಳಲ್ಲಿ ಬಹಳಷ್ಟು ಈ ಗೆರೆಯ ಕೆಳಗಿನವು. ಆ್ಯಪ್ ಕೇಳುವುದಕ್ಕೆ ಇರಲಿ. ಹುಡುಕುವುದಕ್ಕೆ ಬೇರೆ ದಾರಿ ಬೇಕು.

ಆ ದಾರಿ ರೆಕಾರ್ಡಿನ ಕವರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ಯಾರು ನುಡಿಸಿದರು, ಯಾರು ರೆಕಾರ್ಡ್ ಮಾಡಿದರು, ಯಾವ ಲೇಬಲ್ಲು, ಅಂದರೆ ಹೊರತಂದ ಕಂಪನಿ ಯಾವುದು, ಫೋಟೋ ಯಾರದು. ಮೊಬೈಲಿಗೆ ಹಿಂಬದಿ ಎಂಬುದಿಲ್ಲ, ನಿಜ. ಆದರೆ ಆ ಅಕ್ಷರಗಳು ಡಿಸ್ಕಾಗ್ಸ್ ಎಂಬ ತಾಣದಲ್ಲಿವೆ. 2000ದಿಂದ ಕೇಳುಗರೇ ಕೂಡಿಸಿ ಕಟ್ಟಿದ ಕೋಶ ಅದು. ಒಂದು ಹೆಸರನ್ನು ಒತ್ತಿದರೆ ಆ ವ್ಯಕ್ತಿ ಕೈಯಾಡಿಸಿದ ಬೇರೆ ರೆಕಾರ್ಡುಗಳೂ ಸಾಲಾಗಿ ಬರುತ್ತವೆ.

ಕಾಲೇಜಿನಲ್ಲಿ ಟಿ ಶರ್ಟಿನ ಮೇಲೆ ಕಾಣುವ ಹೆಸರಿನಿಂದಲೇ ಹೊರಡೋಣ. ನಿರ್ವಾಣ ಎಂಬ ಅಮೆರಿಕದ ಬ್ಯಾಂಡಿನ ಆಲ್ಬಂ ‘ಇನ್ ಯೂಟೆರೊ’, 1993. ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಮಾರಾಟದಲ್ಲಿ ಪಾಲು ಬೇಡವೆಂದು ಕೆಲಸಕ್ಕೆ ತಕ್ಕ ಕೂಲಿಯನ್ನಷ್ಟೇ ಪಡೆಯುತ್ತಿದ್ದ ಮನುಷ್ಯ, 2024ರಲ್ಲಿ ತೀರಿಕೊಂಡರು. ಅವರ ಹೆಸರು ಒತ್ತಿದರೆ ದೊಡ್ಡ ಪಟ್ಟಿ ಬರುತ್ತದೆ. ಅದರಲ್ಲಿ 1989ರ ‘ಟ್ವೀಜ್’ ಎಂಬ ಸಣ್ಣ ಆಲ್ಬಂ ಇದೆ. ಬ್ಯಾಂಡಿನ ಹೆಸರು ಸ್ಲಿಂಟ್, ಊರು ಅಮೆರಿಕದ ಲೂಯಿವಿಲ್. ಈ ಹುಡುಗರ ಎರಡನೆಯ ಆಲ್ಬಂ ‘ಸ್ಪೈಡರ್‌ಲ್ಯಾಂಡ್’, 1991, ಟಚ್ ಆ್ಯಂಡ್ ಗೋ ಲೇಬಲ್. ಅದನ್ನು ರೆಕಾರ್ಡ್ ಮಾಡಿದ್ದು ಬ್ರಯಾನ್ ಪಾಲ್ಸನ್. ಅದು ಹೊರಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. ನಿಧಾನವಾಗಿ, ಒಬ್ಬರಿಂದ ಒಬ್ಬರಿಗೆ ದಾಟಿ, ಆಮೇಲೆ ಬಂದ, ಹಾಡಿಗಿಂತ ವಾದ್ಯಗಳ ದನಿಗೇ ಒತ್ತು ಕೊಡುವ ಎಷ್ಟೋ ಪೋಸ್ಟ್ ರಾಕ್ ಬ್ಯಾಂಡುಗಳಿಗೆ ಅದೇ ತಾಯಿಬೇರಾಯಿತು.

ಇನ್ನೂ ಮುಂದೆ ಹೋಗಬಹುದು. ಸ್ಪೈಡರ್‌ಲ್ಯಾಂಡಿನ ಕವರಿನಲ್ಲಿ ನೀರಿನಿಂದ ತಲೆ ಎತ್ತಿದ ನಾಲ್ವರ ಕಪ್ಪು ಬಿಳುಪು ಚಿತ್ರವಿದೆ. ತೆಗೆದದ್ದು ವಿಲ್ ಓಲ್ಡಮ್. ಫೋಟೋ ತೆಗೆದವನ ಹೆಸರು ನಮಗೇಕೆ ಎಂದು ದಾಟಿಬಿಟ್ಟರೆ ದೊಡ್ಡ ಬಾಗಿಲೊಂದು ಮುಚ್ಚಿದಂತೆ. ಓಲ್ಡಮ್ ಆಮೇಲೆ ಪ್ಯಾಲೇಸ್ ಬ್ರದರ್ಸ್ ಹೆಸರಿನಲ್ಲಿ ಹಾಡಿದವರು. 1993ರ ಅವರ ಮೊದಲ ಆಲ್ಬಂನಲ್ಲಿ ನುಡಿಸಿದವರಲ್ಲಿ ಸ್ಲಿಂಟ್‌ನವರೇ ಇದ್ದಾರೆ. ಅದರ ಲೇಬಲ್ ಶಿಕಾಗೋದ ಡ್ರ್ಯಾಗ್ ಸಿಟಿ. ಆ ಲೇಬಲ್ಲಿನ ಪಟ್ಟಿಯಲ್ಲಿ ಇಳಿಯುತ್ತಾ ಹೋದರೆ 2009ರಲ್ಲಿ ‘ಡೆತ್’ ಎಂಬ ಹೆಸರು ಸಿಗುತ್ತದೆ. ಡೆಟ್ರಾಯಿಟ್‌ನ ಮೂವರು ಕಪ್ಪು ಸಹೋದರರು 1975ರಲ್ಲಿ ರೆಕಾರ್ಡ್ ಮಾಡಿದ ಏಳು ಹಾಡುಗಳು. ಬ್ಯಾಂಡಿನ ಹೆಸರು ಬದಲಿಸಿ ಎಂಬ ಒತ್ತಡಕ್ಕೆ ಅವರು ಬಗ್ಗಲಿಲ್ಲ. ಎರಡು ಹಾಡನ್ನು 1976ರಲ್ಲಿ ತಾವೇ 500 ಪ್ರತಿ ಅಚ್ಚು ಹಾಕಿಸಿದರು. ಉಳಿದದ್ದು ಮೂರು ದಶಕ ಟೇಪಿನಲ್ಲಿಯೇ ಇತ್ತು. ವೇಗದ, ಒರಟು ರಾಕಿಗೆ ಪಂಕ್ ಎಂಬ ಮಾತು ಹೆಸರಾಗುವ ಮುಂಚೆಯೇ ಬಂದ ಪಂಕ್ ಅದು.

ಟಿ ಶರ್ಟಿನಿಂದ ಅಲ್ಲಿಗೆ ನಾಲ್ಕೈದು ಮೆಟ್ಟಿಲು. ಒಂದನ್ನೂ ಯಂತ್ರ ತೋರಿಸಲಿಲ್ಲ, ಹೆಸರುಗಳು ತೋರಿಸಿದವು.

ಎಲ್ಲ ಹೆಸರೂ ಒಂದೇ ತೂಕದ್ದಲ್ಲ. ಮಾಸ್ಟರಿಂಗ್, ಅಂದರೆ ಅಚ್ಚಿಗೆ ಹೋಗುವ ಮುಂಚೆ ದನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ, ಮಾಡಿದವರ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಒಬ್ಬರೇ ಬಗೆಬಗೆಯ ನೂರಾರು ರೆಕಾರ್ಡುಗಳನ್ನು ಮಾಡಿರುತ್ತಾರೆ, ಅವುಗಳ ನಡುವೆ ರುಚಿಯ ನಂಟಿರುವುದಿಲ್ಲ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಡುವುದು ಡ್ರಮ್ಮರನ ಹೆಸರು. ಒಳ್ಳೆಯ ಡ್ರಮ್ಮರ್ ಯಾವ ಊರಲ್ಲೂ ಕಡಿಮೆ, ಹಾಗಾಗಿ ಒಬ್ಬನೇ ಮೂರು ನಾಲ್ಕು ಬ್ಯಾಂಡಿನಲ್ಲಿ ಕೂತಿರುತ್ತಾನೆ. ಸ್ಲಿಂಟ್‌ನ ಡ್ರಮ್ಮರ್ ಬ್ರಿಟ್ ವಾಲ್ಫರ್ಡ್ 1990ರಲ್ಲಿ ಬ್ರೀಡರ್ಸ್ ಬ್ಯಾಂಡಿನ ‘ಪಾಡ್’ ಆಲ್ಬಂಗೆ ನುಡಿಸಿದ್ದಾರೆ. ಆದರೆ ಕವರಿನಲ್ಲಿ ಆ ಹೆಸರಿಲ್ಲ, ಶ್ಯಾನನ್ ಡಾಟನ್ ಎಂದಿದೆ. ಇಂಥ ಸುಳ್ಳು ಹೆಸರುಗಳು ರಾಕ್‌ನಲ್ಲಿ ಮಾಮೂಲು. ಡಿಸ್ಕಾಗ್ಸ್‌ನಲ್ಲಿ ಒಬ್ಬರ ಬೇರೆ ಬೇರೆ ಹೆಸರುಗಳನ್ನು ಒಂದೇ ಪುಟಕ್ಕೆ ಕಟ್ಟಿರುತ್ತಾರೆ, ಅಲ್ಲಿ ಕಣ್ಣಾಡಿಸಿ.

ಒಂದೇ ಹೆಸರಿನ ಎರಡು ಬ್ಯಾಂಡುಗಳದು ಮತ್ತೊಂದು ತೊಡಕು. ಡೆತ್ ಎಂದು ಹುಡುಕಿದರೆ ಡೆಟ್ರಾಯಿಟ್‌ನವರಿಗಿಂತ ಮೊದಲು ಫ್ಲಾರಿಡಾದ, ಅಬ್ಬರದ ಗಿಟಾರಿನ ಮೆಟಲ್ ಬ್ಯಾಂಡ್ ಎದುರಾಗುತ್ತದೆ. ಆ್ಯಪ್‌ಗಳು ಎಷ್ಟೋ ಸಲ ಇಬ್ಬರ ಹಾಡನ್ನೂ ಒಂದೇ ಪುಟಕ್ಕೆ ಸುರಿದಿರುತ್ತವೆ. ಆದ್ದರಿಂದ ಬ್ಯಾಂಡಿನ ಹೆಸರೊಂದನ್ನೇ ಹಾಕಬೇಡಿ; ಆಲ್ಬಂ, ವರ್ಷ, ಲೇಬಲ್ ಮೂರನ್ನೂ ಸೇರಿಸಿ ಹುಡುಕಿ. ಯಾರ ಹೆಸರೂ ಇಲ್ಲದ, ಎಲ್ಲಿಯೂ ವೇದಿಕೆ ಹತ್ತದ ಬ್ಯಾಂಡ್ ಕಂಡರೆ ಎಚ್ಚರವಿರಲಿ. 2025ರಲ್ಲಿ ವೆಲ್ವೆಟ್ ಸನ್‌ಡೌನ್ ಎಂಬುದನ್ನು ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೇಳುತ್ತಿದ್ದರು. ಆಮೇಲೆ ನೋಡಿದರೆ ಅದು ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು.

ಇನ್ನು ಇವತ್ತು ಬದುಕಿರುವ, ಇವತ್ತು ನುಡಿಸುತ್ತಿರುವ ಬ್ಯಾಂಡುಗಳಿಗೆ ಬ್ಯಾಂಡ್‌ಕ್ಯಾಂಪ್‌ಗೆ ಹೋಗಬೇಕು. ಬ್ಯಾಂಡಿನವರೇ ತಮ್ಮ ಹಾಡು ಮಾರುವ ತಾಣ ಅದು, 2008ರಲ್ಲಿ ಶುರುವಾದದ್ದು. ಡಿಜಿಟಲ್ ಮಾರಾಟದಲ್ಲಿ ತಾಣ ಇಟ್ಟುಕೊಳ್ಳುವುದು ನೂರಕ್ಕೆ 15, ಪಾವತಿಯ ಖರ್ಚು ಕಳೆದು ಉಳಿದದ್ದು ಬ್ಯಾಂಡಿಗೆ. ಅಲ್ಲಿ ಪ್ರತಿ ಆಲ್ಬಂಗೂ ಬ್ಯಾಂಡಿನವರೇ ಟ್ಯಾಗ್, ಅಂದರೆ ಊರು, ಬಗೆ ಹೇಳುವ ಗುರುತಿನ ಮಾತು, ಹಚ್ಚಿರುತ್ತಾರೆ. ‘ಇಂಡಿ ರಾಕ್’ ಎಂಬ ಟ್ಯಾಗ್ ಸಮುದ್ರ, ಅದರಲ್ಲಿ ಏನೂ ಸಿಗುವುದಿಲ್ಲ. ಊರಿನ ಹೆಸರಿಗೆ ಒಂದು ಕಿರಿದಾದ ಬಗೆಯನ್ನು ಸೇರಿಸಿ: ಪೋಸ್ಟ್ ರಾಕ್, ತಾಳದ ಲೆಕ್ಕ ತಿರುಚುವ ಮ್ಯಾತ್ ರಾಕ್, ಗಿಟಾರಿನ ಮಂಜಿನಲ್ಲಿ ದನಿ ಮುಳುಗುವ ಶೂಗೇಜ್. ಊರನ್ನು ಬೆಂಗಳೂರು ಎಂದೂ ಬ್ಯಾಂಗಲೋರ್ ಎಂದೂ ಎರಡು ಬಗೆಯಲ್ಲಿ ಹುಡುಕಿ, ಸಿಗುವ ಬ್ಯಾಂಡುಗಳು ಬೇರೆ ಬೇರೆ. ಹೆಚ್ಚು ಮಾರಾಟದ ಪಟ್ಟಿ ಬಿಟ್ಟು ಹೊಸದಾಗಿ ಬಂದ ಪಟ್ಟಿ ನೋಡಿ.

ಅಲ್ಲಿಯೇ ಇನ್ನೊಂದು ಉಪಾಯವಿದೆ, ಟ್ಯಾಗ್‌ಗಿಂತ ನಂಬಿಕಸ್ಥ. ಆಲ್ಬಂನ ಪುಟದಲ್ಲಿ ಕೊಂಡವರ ಸಣ್ಣ ಚಿತ್ರಗಳು ಸಾಲಾಗಿರುತ್ತವೆ. ಒತ್ತಿದರೆ ಅವರ ಇಡೀ ಸಂಗ್ರಹ ತೆರೆಯುತ್ತದೆ. ನಿಮಗೆ ತುಂಬಾ ಹಿಡಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಲ್ಬಂ ಆರಿಸಿಕೊಳ್ಳಿ. ಎರಡನ್ನೂ ಕೊಂಡ ಒಬ್ಬ ವ್ಯಕ್ತಿಯನ್ನು ಹುಡುಕಿ. ಸಂಬಂಧವಿಲ್ಲದ್ದು ಎಂಬುದೇ ಇಲ್ಲಿ ಮುಖ್ಯ. ಒಂದೇ ಬಗೆಯ ಎರಡನ್ನು ಕೊಂಡವರು ಸಾವಿರ ಜನ ಸಿಗುತ್ತಾರೆ, ಅದರಿಂದ ಏನೂ ತಿಳಿಯದು. ಕಾಸು ಕೊಟ್ಟು ಕೊಂಡವರ ರುಚಿ ಅದು, ಹಿನ್ನೆಲೆಯಲ್ಲಿ ಓಡಿಸಿಕೊಂಡವರದ್ದಲ್ಲ. ನೀವೂ ಕೊಳ್ಳುವಾಗ ಕಾರ್ಡ್ ನಿರಾಕರಣೆಯಾದರೆ ಗಾಬರಿ ಬೇಡ. 2020ರಿಂದ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲು ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ಮಿತಿ ಕಡಿಮೆ ಇಟ್ಟು, ಕೊಂಡ ಮೇಲೆ ಮುಚ್ಚಿ.

ರಾಕ್ ಎಂದರೆ ಮಹಾನಗರದ ಸಂಗತಿ, ನಮ್ಮೂರಿಗೆ ಏನು ಸಂಬಂಧ ಎಂಬ ಮಾತು ಇಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನ್ಯೂಜಿಲೆಂಡಿನ ತೆಂಕಣ ತುದಿಯಲ್ಲಿ ಡನೀಡಿನ್ ಎಂಬ ವಿಶ್ವವಿದ್ಯಾಲಯದ ಊರಿದೆ. 2011ರ ಜನಗಣತಿಯಲ್ಲೇ ದಾವಣಗೆರೆ ನಾಲ್ಕು ಲಕ್ಷ ದಾಟಿತ್ತು. ಡನೀಡಿನ್ ಇವತ್ತಿಗೂ ಒಂದೂವರೆ ಲಕ್ಷ ಮುಟ್ಟಿಲ್ಲ. 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಫ್ಲೈಯಿಂಗ್ ನನ್ ಲೇಬಲ್ ಹುಟ್ಟಿತು. ಡನೀಡಿನ್ನಿನ ದಿ ಕ್ಲೀನ್ ಬ್ಯಾಂಡಿನ ‘ಬೂಡಲ್ ಬೂಡಲ್ ಬೂಡಲ್’ ಅದೇ ವರ್ಷದ್ದು, ನಾಲ್ಕೇ ಟ್ರ್ಯಾಕಿನ, ಅಂದರೆ ನಾಲ್ಕೇ ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ, ಟೇಪ್ ಯಂತ್ರದಲ್ಲಿ ಮಾಡಿದ್ದು. ಮರುವರ್ಷ ಚಿಲ್ಸ್, ವರ್ಲೇನ್ಸ್, ಸ್ನೀಕಿ ಫೀಲಿಂಗ್ಸ್, ಸ್ಟೋನ್ಸ್ ಎಂಬ ನಾಲ್ಕು ಬ್ಯಾಂಡು ಸೇರಿ ‘ಡನೀಡಿನ್ ಡಬಲ್’ ತಂದವು. ಈಗ ಆ ಊರಿನ ಹೆಸರೇ ಒಂದು ಸಂಗೀತದ ಹೆಸರು. ಹೀಗೆ ಒಂದೇ ಊರನ್ನು ಹಿಡಿದು ಒಂದು ತಿಂಗಳು ಕೇಳುವುದು ಬಹಳ ಒಳ್ಳೆಯ ಅಭ್ಯಾಸ; ಒಬ್ಬರಿಂದೊಬ್ಬರು ಏನು ಕಲಿತರು ಎಂಬುದು ಕಿವಿಗೆ ತಾನಾಗಿ ತಿಳಿಯುತ್ತದೆ.

ಬೆಂಗಳೂರನ್ನೂ ಹೀಗೆ ಕೇಳಿ. 1996ರಿಂದ ಇರುವ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, 1998ರಿಂದ ಮೆಟಲ್ ನುಡಿಸುತ್ತಿರುವ ಕ್ರಿಪ್ಟೋಸ್, ಲೌಂಜ್ ಪಿರಾನ್ಹಾದ 2008ರ ‘ಗೋಯಿಂಗ್ ನೋವೇರ್’, ಉರ್ದು ಕಾಶ್ಮೀರಿಗಳಲ್ಲಿ ಹಾಡುವ ಪರ್ವಾಜ್‌ನ 2014ರ ‘ಬಾರನ್’. ರಘು ದೀಕ್ಷಿತ್ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಡಿದ್ದನ್ನು ಕೇಳಿದವರು ನಮ್ಮಲ್ಲಿ ಬಹಳ. ಅದೇ ಊರಿನ ಈ ಉಳಿದವರನ್ನು ಕೇಳಿದವರು ಕಡಿಮೆ.

ಕೇಳುವ ಬಗೆ ತಪ್ಪಿದರೂ ಒಳ್ಳೆಯ ಆಲ್ಬಂ ಸಾಯುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ ಅದುರಿ, ನುಡಿಯುತ್ತದೆ. ಮೊಬೈಲಿನ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿಯಿಲ್ಲ. ಹಾಗೆ ಕೇಳಿ ಬ್ಯಾಂಡಿನಲ್ಲಿ ತಿರುಳಿಲ್ಲ ಎಂದು ತೀರ್ಪು ಕೊಟ್ಟರೆ ಅರ್ಧ ಬ್ಯಾಂಡನ್ನು ಕೇಳಿಯೇ ಇಲ್ಲ ಎಂದಾಯಿತು. ತಂತಿಯ ಸಾಧಾರಣ ಇಯರ್‌ಫೋನ್ ಸಾಕು, ಆದರೆ ಅದು ಬೇಕೇ ಬೇಕು. ಇಲ್ಲಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಒಂದು ಆಲ್ಬಂಗೆ ಧಾರಾಳ ಸಮಯ. ಆದರೆ ಬಸ್ಸಿನ ಇಂಜಿನ್ನಿನ ಗುಡುಗು ಕೆಳಸ್ವರದ್ದು, ಬಾಸನ್ನು ನುಂಗುತ್ತದೆ, ಪಿಸುಮಾತನ್ನೂ ನುಂಗುತ್ತದೆ. ಬಸ್ಸಿಗೆ ಡೆತ್, ಕ್ರಿಪ್ಟೋಸ್‌ನಂಥ ಒಂದೇ ಜೋರಿನ ರೆಕಾರ್ಡು ಇಟ್ಟುಕೊಳ್ಳಿ. ಸ್ಲಿಂಟ್‌ನಂಥದ್ದು ರಾತ್ರಿ ಮನೆಯಲ್ಲಿ.

ಹೊಸ ಆಲ್ಬಂ ಒಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಎರಡು ದಿನ ಬಿಟ್ಟು ಮತ್ತೆ ಕೇಳಿ, ಆಮೇಲೆ ಅಭಿಪ್ರಾಯ. ಒಂದು ನೋಟ್‌ಬುಕ್ ಇರಲಿ: ಬ್ಯಾಂಡು, ಊರು, ವರ್ಷ, ಲೇಬಲ್, ರೆಕಾರ್ಡ್ ಮಾಡಿದವರು, ಡ್ರಮ್ಮರ್, ಇದು ಎಲ್ಲಿಂದ ಸಿಕ್ಕಿತು. ಕೊನೆಯದನ್ನು ಬಿಡಬೇಡಿ. ಆರು ತಿಂಗಳ ನಂತರ ನಿಮ್ಮ ರುಚಿಗೆ ಯಾರ ಮಾತು ಒಗ್ಗುತ್ತದೆ, ಯಾರದ್ದು ಒಗ್ಗುವುದಿಲ್ಲ ಎಂಬುದನ್ನು ಆ ಕಾಲಂ ಹೇಳುತ್ತದೆ.

ಇನ್ನು ಹೇಳುವ ಕೆಲಸ. ಸಾಮಾನ್ಯವಾಗಿ ನಡೆಯುವುದು ಹೀಗೆ: ವಾಟ್ಸ್ಆ್ಯಪ್‌ನಲ್ಲಿ ಹತ್ತು ಲಿಂಕು, ಜೊತೆಗೆ ‘ಸೂಪರ್, ಕೇಳಲೇಬೇಕು’. ಒಂದನ್ನೂ ಯಾರೂ ತೆರೆಯುವುದಿಲ್ಲ. ಹತ್ತು ಕೊಟ್ಟರೆ ಆರಿಸುವ ಹೊರೆಯನ್ನು ಅವರ ತಲೆಗೆ ಕಟ್ಟಿದಂತೆ. ಒಬ್ಬರಿಗೆ ಒಂದು ಆಲ್ಬಂ, ಅದರಲ್ಲಿ ಮೊದಲು ಕೇಳಬೇಕಾದ ಒಂದು ಹಾಡು. ‘ಇಂಥ ದೊಡ್ಡ ಬ್ಯಾಂಡಿನ ಹಾಗಿದೆ’ ಎಂದು ಹೇಳಬೇಡಿ. ಆಗ ಅವರು ದೊಡ್ಡ ಬ್ಯಾಂಡನ್ನೇ ಅದರಲ್ಲಿ ಹುಡುಕುತ್ತಾರೆ, ಸಿಗದೆ ಬಿಟ್ಟುಬಿಡುತ್ತಾರೆ. ಖಾಲಿ ದೋಸೆಯನ್ನು ಬೆಣ್ಣೆ ದೋಸೆಯ ಹಾಗಿದೆ ಎಂದು ಬಡಿಸಿದರೆ ಅದರ ಮೆತ್ತನೆಯ ರುಚಿ ಯಾರಿಗೂ ತಿಳಿಯದು. ಕಿವಿಗೆ ಕೇಳಿಸುವುದನ್ನು ಹೇಳಿ: ದನಿ ಎಂಥದು, ವೇಗ ಎಷ್ಟು, ಎಲ್ಲಿ ತಿರುಗುತ್ತದೆ, ಎಲ್ಲಿ ಬೇಸರವಾಗಬಹುದು.

ಸ್ಪೈಡರ್‌ಲ್ಯಾಂಡ್ ಬಗ್ಗೆ ನಾವು ಹೇಳುವುದಾದರೆ ಹೀಗೆ ಹೇಳುತ್ತೇವೆ: ‘ಆರು ಹಾಡು, 39 ನಿಮಿಷ. ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು, ಅದೂ ಗಿಟಾರಿನ ಹಿಂದೆ ಮೆಲ್ಲಗೆ. ಮೊದಲ ಸಲ ಮಾತು ಹಿಡಿಯುವುದಿಲ್ಲ, ಪರವಾಗಿಲ್ಲ. ಕೊನೆಯ ಹಾಡಿನ ಕೊನೆಯಲ್ಲಿ ಕಿರುಚು ಇದೆ, ಶುರುವಿನ ಪಿಸುಮಾತಿಗೆ ತಕ್ಕಂತೆ ವಾಲ್ಯೂಮ್ ಏರಿಸಿಟ್ಟರೆ ಕಿವಿ ನೋಯುತ್ತದೆ.’ ಈ ಎಚ್ಚರಿಕೆಯೇ ಎಷ್ಟೋ ಜನರನ್ನು ಕೊನೆಯವರೆಗೆ ಕೂರಿಸುತ್ತದೆ. 1991ರಲ್ಲಿ ಮೆಲೊಡಿ ಮೇಕರ್ ಪತ್ರಿಕೆಯಲ್ಲಿ ಇದಕ್ಕೆ ಹತ್ತು ನಕ್ಷತ್ರ ಕೊಟ್ಟು ಬರೆದವರು ಅದೇ ಆಲ್ಬಿನಿ.

ನೀವು ಹೇಳುತ್ತಿರುವವರಿಗೆ ಮೊದಲೇ ಗೊತ್ತಿರುವ ರಾಗ ಒಂದಿದ್ದರೆ ಅದೇ ಬಾಗಿಲಾಗಲಿ. ಕಲ್ಕತ್ತೆಯ ಮೊಹಿನೇರ್ ಘೋಡಾಗುಲಿ 1975ರ ಬ್ಯಾಂಡ್. 1977ರಿಂದ 79ರ ನಡುವೆ ಮೂರು ರೆಕಾರ್ಡು ತಂದಿತು, ಆಗ ಕೇಳಿದವರು ಕೆಲವೇ ಜನ. 1995ರ ಸಂಕಲನದಿಂದ ಅದಕ್ಕೆ ಮರುಹುಟ್ಟು ಬಂತು. ಆ ಸಂಕಲನದ ಒಂದು ಹಾಡಿನ ರಾಗವೇ 2006ರ ಹಿಂದಿ ಚಿತ್ರದ ‘ಭೀಗಿ ಭೀಗಿ’. ಮೊದಲು ಅದನ್ನು ಗುನುಗಿ, ಆಮೇಲೆ ಬಂಗಾಳಿಯದನ್ನು ಹಾಕಿ.

ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳಲೇಬೇಕು. ಮೆಂಫಿಸ್‌ನ ಬಿಗ್ ಸ್ಟಾರ್ 1972ರಲ್ಲಿ ಮೊದಲ ಆಲ್ಬಂ ತಂದಾಗ ವಿಮರ್ಶಕರು ಮನಸಾರೆ ಹೊಗಳಿದರು. ಓದಿದವರು ಅಂಗಡಿಗೆ ಹೋದರೆ ರೆಕಾರ್ಡೇ ಇಲ್ಲ. ಸರಬರಾಜು ಕೆಟ್ಟಿತ್ತು, ಹೊಗಳಿಕೆ ಗಾಳಿಗೆ ಹೋಯಿತು.

ಈಗ ಸ್ಪೈಡರ್‌ಲ್ಯಾಂಡಿನ ಮೊದಲ ಹಾಡು ಹಾಕುತ್ತೇವೆ, ಸುಮಾರು 6 ನಿಮಿಷ. ಜಾತ್ರೆಯಲ್ಲಿ ಭವಿಷ್ಯ ಹೇಳುವವಳ ಗುಡಾರಕ್ಕೆ ಒಬ್ಬ ಹೋಗುತ್ತಾನೆ, ಭವಿಷ್ಯ ಬಿಟ್ಟು ಇಬ್ಬರೂ ಎದ್ದು ರೋಲರ್ ಕೋಸ್ಟರ್ ಹತ್ತುತ್ತಾರೆ. ದುಗ್ಗಮ್ಮನ ಜಾತ್ರೆ ಕಂಡವರಿಗೆ ಆ ಗುಡಾರದ ಚಿತ್ರ ಕಟ್ಟಿಕೊಳ್ಳುವುದು ಕಷ್ಟವಲ್ಲ. ದನಿ ಬಹಳ ಮೆಲ್ಲಗಿದೆ. ಹಿಂದಿನ ಸಾಲಿನವರು ದಯವಿಟ್ಟು ಫ್ಯಾನ್ ಆರಿಸಿ.