ಡೆತ್ ವ್ಯಾಲಿ ಅಮಾವಾಸ್ಯೆ, ಮತ್ತೆ ಆ ಹಾಳು ಡಿಕ್ಕಿ ಲೈಟು

ಇದು ಮೆಸ್ಕೀಟ್ ಫ್ಲ್ಯಾಟ್ ಮರಳು ದಿಬ್ಬ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ, ಮಾರ್ಚ್ ಅಮಾವಾಸ್ಯೆ, ನಕ್ಷತ್ರ ನೋಡೋ ರಾತ್ರಿ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಹೊರಡೋ ನಮ್ಮೋರು ಗಮನಿಸಿ: ಮ್ಯಾಪಲ್ಲಿ ಟಯೋಗಾ ಪಾಸ್ ಅನ್ನೋ ಬೆಟ್ಟದ ದಾರಿ ಹತ್ತಿರ ಅನ್ಸುತ್ತೆ, ಆದ್ರೆ ಈ ತಿಂಗಳು ಅಲ್ಲಿ ಹಿಮ, ರಸ್ತೆ ಬಂದ್. ಬೇಕರ್ಸ್‌ಫೀಲ್ಡ್ ಕಡೆಯಿಂದ ಸುತ್ಕೊಂಡೇ ಬರ್ಬೇಕು. ಪ್ರವೇಶ ಕಾರಿಗೆ 30 ಡಾಲರ್, 7 ದಿನ ನಡೆಯುತ್ತೆ. ಫೋನ್ ಸಿಗ್ನಲ್ ನಂಬ್ಕೋಬೇಡಿ, ಮ್ಯಾಪು, ನಕ್ಷತ್ರದ ಆ್ಯಪು ಎರಡೂ ಮೊದಲೇ ಇಳಿಸ್ಕೊಳ್ಳಿ. ನೀರು ತಲೆಗೆ ದಿನಕ್ಕೆ 4 ಲೀಟರ್.

ಜುಲೈಗೆ ಬರೋ ಯೋಚನೆ ಬಿಡಿ. 1913ರಲ್ಲಿ 56.7 ಡಿಗ್ರಿ ದಾಖಲಾದ ಕಣಿವೆ ಇದು, ಆ ತಿಂಗಳು ನಡುರಾತ್ರೀಲೂ ಬೇಯ್ಸುತ್ತೆ.

ಹಾಂ, ಕತ್ತಲಾಯ್ತು. ಪಶ್ಚಿಮಕ್ಕೆ ಓರೆಯಾಗಿ ನಿಂತಿರೋ ಗೋಪುರದಂಥ ಮಸುಕು ಬೆಳಕು ನೋಡಿ. ಅದು ಯಾವ ಊರಿಂದೂ ಅಲ್ಲ, ಗ್ರಹಗಳ ನಡುವಿನ ಧೂಳಿಗೆ ಬಿದ್ದಿರೋ ಬಿಸಿಲು. ಆಗ್ನೇಯದಲ್ಲಿ ಬೆಟ್ಟದ ಹಿಂದೆ ಹಳದಿಯಾಗಿ ಕಾಣೋದು ಮಾತ್ರ ಲಾಸ್ ವೇಗಸ್. 2013ರಲ್ಲೇ ಅಂತಾರಾಷ್ಟ್ರೀಯ ಕತ್ತಲಾಕಾಶ ಉದ್ಯಾನ ಅನ್ನೋ ಮಾನ್ಯತೆ ಸಿಕ್ಕ ಜಾಗಕ್ಕೂ ಆ ಊರಿನ ಕಾಟ ತಪ್ಪಿಲ್ಲ.

ಈಗ ಆ ಡಿಕ್ಕಿ ಲೈಟು. ಕಣ್ಣು ಕತ್ತಲಿಗೆ ಪೂರ್ತಿ ಪಳಗೋಕೆ 20ರಿಂದ 30 ನಿಮಿಷ ಬೇಕು, ರೆಟಿನಾದಲ್ಲಿ ರೊಡಾಪ್ಸಿನ್ ಅನ್ನೋ ಬೆಳಕು ಹಿಡಿಯೋ ವಸ್ತು ಮತ್ತೆ ತುಂಬ್ಕೋಬೇಕು. ಬಿಳಿ ಬೆಳಕು ಒಂದೇ ಕ್ಷಣ ಬಿದ್ರೂ ಮತ್ತೆ ಮೊದಲಿಂದ. ಇವತ್ತಿನ ಕಾರು ಇರೋದೇ ಅದಕ್ಕೆ! ರಿಮೋಟ್ ಒತ್ತಿದ್ರೆ ಇಂಡಿಕೇಟರ್, ಹಿಂದೇನೇ ಹೆಡ್‌ಲೈಟು, ಬಾಗಿಲು ತೆಗೆದ್ರೆ ಒಳಗಿನ ದೀಪ, ಡ್ಯಾಶ್‌ಬೋರ್ಡಲ್ಲಿ ಟಿವಿ ಗಾತ್ರದ ಪರದೆ. ಒಳಗಿನ ದೀಪಕ್ಕೆ ಸ್ವಿಚ್ಚಾದ್ರೂ ಇದೆ, ಎಷ್ಟೋ ಕಾರಲ್ಲಿ ಡಿಕ್ಕಿ ಲೈಟಿಗೆ ಅದೂ ಇಲ್ಲ. ಕರೆಂಟ್ ಕೆಲಸದ ಕರೀ ಟೇಪು ಎರಡು ಸುತ್ತು ಅಂಟಿಸಿ. ಒಂದೇ ಸುತ್ತಾದ್ರೆ ಅಂಚಲ್ಲಿ ಸೋರುತ್ತೆ. ಬೇಕಾದ್ದೆಲ್ಲ ಸಂಜೆಯೇ ಹೊರಗೆ ತೆಗೆದಿಡಿ. ಕಾರನ್ನ ಹಿಮ್ಮುಖವಾಗಿ ನಿಲ್ಸಿ, ಮೂತಿ ರಸ್ತೆ ಕಡೆಗಿರ್ಲಿ. ಇಲ್ದಿದ್ರೆ ಹೊರಡುವಾಗ ಹೆಡ್‌ಲೈಟು ದಿಬ್ಬದ ಮೇಲಿರೋರ ಮುಖಕ್ಕೆ. ಕೆಲವು ಕಾರಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಸ್ಟಾರ್ಟ್ ಮಾಡಿದ್ರೆ ಹಗಲಲ್ಲೂ ತಾನಾಗೇ ಉರಿಯೋ ಮುಂಭಾಗದ ದೀಪ ಹತ್ತಲ್ಲ, ಮನೇಲೇ ಪರೀಕ್ಷೆ ಮಾಡಿ.

ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್, ಎರಡು ಮಡಿಕೆ.

ಅಗಸ್ತ್ಯ ನಕ್ಷತ್ರಾನ ಹುಡುಕಬೇಡಿ. ಬೆಂಗಳೂರಲ್ಲಿ ದಿಗಂತದಿಂದ 24 ಡಿಗ್ರಿವರೆಗೆ ಏರೋನು ಇಲ್ಲಿ ಲೆಕ್ಕಕ್ಕೆ ಒಂದು ಡಿಗ್ರಿ, ಅದಕ್ಕೂ ಬೆಟ್ಟ ಅಡ್ಡ. ಧ್ರುವ ಮಾತ್ರ 13ರಿಂದ 36ಕ್ಕೆ ಹತ್ತಿ ಕೂತಿದ್ದಾನೆ. ಟೆಲಿಸ್ಕೋಪ್ ದಂಡ, 10×50 ಬೈನಾಕ್ಯುಲರ್ ಸಾಕು... ಸರಿ, ಗೋಳಾಕಾರದ ತಾರಾಗುಚ್ಛ ಬಿಡಿಬಿಡಿಯಾಗಿ ಕಾಣ್ಬೇಕು ಅಂದ್ರೆ ಟೆಲಿಸ್ಕೋಪೂ ತನ್ನಿ. ಮಸುಕಾದ್ದನ್ನ ನೇರ ದಿಟ್ಟಿಸ್ಬೇಡಿ, ಓರೆಗಣ್ಣಲ್ಲಿ ನೋಡಿ, ಆಗ್ಲೇ ಕಾಣೋದು.

ಕ್ಯಾಮೆರಾ: 20 ಎಂಎಂ, ಎಫ್ 2.8, ಐಎಸ್ಓ 3200, 15 ಸೆಕೆಂಡು. 500ನ್ನ ಲೆನ್ಸಿನ ಎಂಎಂನಿಂದ ಭಾಗಿಸೋ 500ರ ಸೂತ್ರ 25 ಸೆಕೆಂಡು ಅನ್ನುತ್ತೆ, ಈಗಿನ ಸೆನ್ಸರ್‌ಗಳಲ್ಲಿ ಅಷ್ಟಕ್ಕೆ ನಕ್ಷತ್ರ ಅಕ್ಕಿಕಾಳಿನ ಹಾಗೆ ಉದ್ದ ಆಗುತ್ತೆ. ಫೋಕಸ್‌ಗೆ ಲೆನ್ಸ್ ಮೇಲಿರೋ ಅನಂತದ (∞) ಗುರುತು ಶುದ್ಧ ಸುಳ್ಳು. ಲುಬ್ಧಕ (ಸಿರಿಯಸ್) ನಕ್ಷತ್ರಾನ ಪರದೇಲಿ 10 ಪಟ್ಟು ಹಿಗ್ಗಿಸಿ, ಚುಕ್ಕೆ ತೀರಾ ಸಣ್ಣದಾಗೋವರೆಗೆ ತಿರುಗಿಸಿ, ರಿಂಗಿಗೆ ಟೇಪ್ ಹಚ್ಚಿ. ಚಳಿ ಏರಿದ ಮೇಲೆ ಫೋಕಸ್ ಜಾರುತ್ತೆ, ಮತ್ತೊಮ್ಮೆ ನೋಡಿ. ಟ್ರೈಪಾಡ್ ಕಾಲಿನ ತೀರಾ ಕೆಳಗಿನ ತುಂಡು ಎಳೀಬೇಡಿ, ಲಾಕಿಗೆ ಮರಳು ಹೊಕ್ರೆ ಕರಕರ ಅನ್ನುತ್ತೆ, ಬಿಚ್ಚಿ ತೊಳೆಯೋವರೆಗೂ ಹೋಗಲ್ಲ.

ನಾಲ್ಕು ಗಂಟೆ. ಜ್ಯೇಷ್ಠಾ ನಕ್ಷತ್ರ ಆಗ್ಲೇ ಮೇಲೆ, ಎಡಕ್ಕೆ ಹಾಲುಹಾದಿಯ ಹೊಟ್ಟೆ, ಅಂದ್ರೆ ಅದರ ದಪ್ಪನೆ ನಡುಭಾಗ, ಬೆಟ್ಟ ದಾಟ್ತಿದೆ. ಐದೂವರೆಗೆ ಬೆಳಕು ಹರಿಯೋಕೆ ಶುರು, ಅಷ್ಟರೊಳಗೆ ಮುಗಿಸ್ಬೇಕು. ಅಯ್ಯೋ, ಪಕ್ಕದಲ್ಲಿ ಯಾರೋ ರಿಮೋಟ್ ಒತ್ತಿದ್ರು—